ವರ್ಲಿನ್‌ನ ಮೂರು ನಿಮಿಷ

ನನ್ನ ಗಂಡನನ್ನು ಊರಿನವರು ಶಾಲಾ ಮಂಡಳಿಗೆ ಆರಿಸಿ ಕಳಿಸಿದ್ದು ಅವನ ಬಾಯಿ ಮುಚ್ಚಿಸುವುದಕ್ಕೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ವರ್ಲಿನ್ ಏನೋ ದೊಡ್ಡ ಜನಾನುರಾಗಿ ಎಂದು ನೀವು ತಪ್ಪು ತಿಳಿದೀರಿ.

ಸಾರೆಲ್ ಕ್ರೀಕ್ ಶಾಲಾ ಜಿಲ್ಲೆ ಎಂದರೆ ಹೆಸರಿಗಷ್ಟೇ ಜಿಲ್ಲೆ. ನೆಬ್ರಾಸ್ಕದ ಜೋಳದ ಹೊಲಗಳ ನಡುವೆ ಇರುವುದು ಒಂದೇ ಕಟ್ಟಡ. ಅದರ ಒಂದು ತುದಿಯಲ್ಲಿ ಶೂ ಲೇಸು ಕಟ್ಟಲು ಬಾರದ ಪುಟಾಣಿಗಳು, ಇನ್ನೊಂದು ತುದಿಯಲ್ಲಿ ಮೀಸೆ ಚಿಗುರಿದ ಹುಡುಗರು, ನಡುವೆ ನನ್ನ ಅಡುಗೆಮನೆ. ಇದನ್ನೆಲ್ಲ ನಡೆಸಲು ಊರಿನವರೇ ಆರಿಸಿದ ಆರು ಜನರ ಮಂಡಳಿ. ಅವರಿಗೆ ಸಂಬಳವಿಲ್ಲ, ಬೈಗುಳಕ್ಕೆ ಮಾತ್ರ ಕೊರತೆಯಿಲ್ಲ. ಮಂಡಳಿಯ ಕೈಕೆಳಗೆ ಒಬ್ಬ ಸೂಪರಿಂಟೆಂಡೆಂಟ್. ಬಸ್ ಡ್ರೈವರಿಗೆ ಸೊಂಟ ಹಿಡಿದುಕೊಂಡರೆ ಬಸ್ಸು ಓಡಿಸುವವನೂ ಅವನೇ, ಗಣಿತದ ಮೇಷ್ಟರು ಸಿಗದಿದ್ದರೆ ಗಣಿತ ಹೇಳಿಕೊಡುವವನೂ ಅವನೇ, ಶುಕ್ರವಾರ ಫುಟ್‌ಬಾಲ್ ಪಂದ್ಯದಲ್ಲಿ ಮೈಕು ಹಿಡಿದು ಕಿರುಚುವವನೂ ಅವನೇ.

ತಿಂಗಳಿಗೊಂದು ಸೋಮವಾರ ಸಂಜೆ ಶಾಲೆಯ ಲೈಬ್ರರಿಯಲ್ಲಿ ಸಭೆ. ಊರಿನವರು ಯಾರು ಬೇಕಾದರೂ ಬರಬಹುದು, ಮೇಜಿನ ಎದುರು ಇಟ್ಟಿರುವ ಒಂಟಿ ಕುರ್ಚಿಯಲ್ಲಿ ಕೂತು ಅನಿಸಿದ್ದನ್ನು ಹೇಳಬಹುದು. ಆ ಕುರ್ಚಿಯಲ್ಲಿ ವರುಷಗಳಿಂದ ಕೂರುತ್ತಿದ್ದವನು ವರ್ಲಿನ್ ಒಬ್ಬನೇ. ಬಸ್ಸುಗಳನ್ನು ಸುಮ್ಮನೆ ಚಾಲೂ ಇಟ್ಟು ಡೀಸೆಲ್ ಸುಡುತ್ತಾರೆ ಎಂದು ಒಂದು ತಿಂಗಳು. ಬಾವುಟದ ಅಂಚು ಹರಿದಿದೆ ಎಂದು ಇನ್ನೊಂದು ತಿಂಗಳು. ಬ್ಯಾಂಡಿನ ಹುಡುಗರು ಡೋಲನ್ನು ಬೇಕಂತಲೇ ಅವನ ಹಸುಗಳ ಕಡೆ ತಿರುಗಿಸಿ ಬಾರಿಸುತ್ತಾರೆ ಎಂದು ಮತ್ತೊಂದು ತಿಂಗಳು. ಅವನ ಕಾಟ ತಡೆಯಲಾರದೆ ಅಧ್ಯಕ್ಷೆ ಮಾರ್ಲಿಸ್ ಪಾವೆಲ್ಕ ಒಂದು ನಿಯಮ ತಂದಳು. ಎದುರಿನ ಕುರ್ಚಿಯಲ್ಲಿ ಕೂತವರಿಗೆ ಮೂರೇ ನಿಮಿಷ. ಮಾರ್ಲಿಸ್ ನನ್ನ ಬಾಲ್ಯದ ಗೆಳತಿ, ಊರಿನ ಹೆಂಗಸರ ತಲೆಗೂದಲು ಅವಳ ಕೈಯಲ್ಲೇ ಇರುವುದು. ಕೂದಲಿಗೆ ಬಣ್ಣ ಹಚ್ಚುವಾಗ ಹೊತ್ತು ನೋಡಲು ಅವಳ ಅಂಗಡಿಯಲ್ಲೊಂದು ಕೋಳಿಯಾಕಾರದ ಗಂಟೆ ಇತ್ತು. ಅದನ್ನೇ ತಂದು ಸಭೆಯ ಮೇಜಿನ ಮೇಲಿಟ್ಟಳು. ಮೂರು ನಿಮಿಷಕ್ಕೆ ಕೋಳಿ ಕಿರ್ರೆಂದರೆ ವರ್ಲಿನ್ ಮಾತು ಅರ್ಧಕ್ಕೇ ನಿಲ್ಲಬೇಕು.

ಆ ವರ್ಷದ ಚುನಾವಣೆಯಲ್ಲಿ ಮಂಡಳಿಯ ಒಂದು ಜಾಗಕ್ಕೆ ಯಾರೂ ನಿಲ್ಲಲಿಲ್ಲ. ಹಾಗಾದಾಗ ಮತಪತ್ರದಲ್ಲಿ ಖಾಲಿ ಗೆರೆ ಇರುತ್ತದೆ, ಬೇಕಾದವರ ಹೆಸರು ನಾವೇ ಬರೆಯಬಹುದು. ಸಾರೆಲ್ ಕ್ರೀಕಿನ ಜನ ಒಬ್ಬರಿಗೊಬ್ಬರು ಹೇಳದೆ ಕೇಳದೆ, ತಮ್ಮೊಬ್ಬರ ತಲೆಗೆ ಮಾತ್ರ ಹೊಳೆದ ಮಹಾ ಉಪಾಯ ಎಂದುಕೊಂಡು, ಆ ಗೆರೆಯ ಮೇಲೆ ವರ್ಲಿನ್ ಕೋಲ್ಟರ್‌ಮನ್ ಎಂದು ಬರೆದರು. ಮೇಜಿನ ಆ ಕಡೆ ಕೂತರೆ ಈ ಕಡೆಯ ಕುರ್ಚಿಯಲ್ಲಿ ಕೂರುವ ಹಾಗಿಲ್ಲವಲ್ಲ, ಪೀಡೆ ತೊಲಗಿತು ಎಂಬ ಲೆಕ್ಕಾಚಾರ.

ಫಲಿತಾಂಶ ತಿಳಿಸಲು ಕೌಂಟಿ ಕಚೇರಿಯಿಂದ ಫೋನು ಬಂದಾಗ ವರ್ಲಿನ್ ಟ್ರಾಕ್ಟರಿನ ಅಡಿಯಲ್ಲಿದ್ದ. ಎದ್ದು ಬಂದು ಕೇಳಿದ. ಆಮೇಲೆ ಬಕೀಟು ಬೋರಲು ಹಾಕಿ ಅದರ ಮೇಲೆ ಕೂತುಬಿಟ್ಟ.

"ಆರ್ಡಿತ್, ನನ್ನನ್ನ ಆರಿಸಿದಾರಂತೆ ಕಣೇ," ಅಂದ. "ನಾನ್ ಕೇಳ್ಲೇ ಇಲ್ಲ. ತಾವಾಗೇ."

ಅವನ ಮುಖ ನೋಡಿ ನನಗೆ ನಿಜ ಹೇಳುವ ಮನಸ್ಸಾಗಲಿಲ್ಲ. "ಒಳ್ಳೇದಾಯ್ತು ಬಿಡು," ಅಂದೆ.

ಅವನು ಹೊಸ ಶರಟು ಕೊಂಡ. ಹಲ್ಲಿಗೆ ಕಡ್ಡಿ ಹಾಕುವುದನ್ನು ಬಿಟ್ಟ. ಮೊದಲ ಸಭೆಯಲ್ಲಿ ಮಾರ್ಲಿಸ್ "ಹೊಸ ಸದಸ್ಯರು ಏನಾದ್ರೂ ಹೇಳೋದಿದ್ಯಾ?" ಎಂದು ಮರ್ಯಾದೆಗೆ ಕೇಳಿದಳು. ವರ್ಲಿನ್ ಹೇಳಲು ಶುರು ಮಾಡಿದ. ಬಸ್ಸು, ಬಾವುಟ, ಡೋಲು, ಮಳೆನೀರಿನ ಕೊಳವೆ, ನೆಲಕ್ಕೆ ಹಾಕುವ ಮೇಣ. ಮಾರ್ಲಿಸ್ ರೂಢಿಯಂತೆ ಕೋಳಿಗೆ ಕೈ ಹಾಕಿದಳು, ಅಲ್ಲಿಗೇ ಕೈ ನಿಂತಿತು. ಮೂರು ನಿಮಿಷದ ನಿಯಮ ಎದುರಿನ ಕುರ್ಚಿಯವರಿಗೆ. ಮೇಜಿನಲ್ಲಿ ಕೂತ ಸದಸ್ಯನಿಗೆ ಯಾವ ಕಟ್ಟುಪಾಡೂ ಇಲ್ಲ. ಅದನ್ನು ಊರಿಗೆ ಊರೇ ಮರೆತಿತ್ತು. ಆ ಸಂಜೆ ಸಭೆ ಮುಗಿಯುವಷ್ಟರಲ್ಲಿ ಒಬ್ಬ ಸದಸ್ಯನ ಹಸು ಕರು ಹಾಕಿ, ಆ ಕರು ಎದ್ದು ನಿಂತೂ ಆಗಿತ್ತು.

ಮರುದಿನ ಪೆಟ್ರೋಲ್ ಬಂಕಿನ ಕಾಫಿ ಮೇಜಿನಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರಂತೆ.

"ನಾನೊಬ್ಬನೇ ಬರ್ದಿದ್ದು ಅಂದ್ಕೊಂಡಿದ್ದೆ."

"ನಾನೂ ಅಷ್ಟೇ ಮಾರಾಯ. ತಮಾಷೆಗೆ ಅಂತ."

"ನನ್ ಹೆಂಡ್ತಿನೂ ಬರ್ದಿದ್ಲು. ಊಟಕ್ಕೆ ಕೂತಾಗ ಗೊತ್ತಾಯ್ತು."

ಯಾರಿಗೆ ಹೇಳಿಕೊಳ್ಳುವುದು? ನಾಲ್ಕು ವರ್ಷದ ಅವಧಿ, ಅನುಭವಿಸಬೇಕಾಯಿತು.

ಅದೇ ಚಳಿಗಾಲದಲ್ಲಿ ನಮಗೆ ಹೊಸ ಸೂಪರಿಂಟೆಂಡೆಂಟ್ ಬಂದ. ಹೆಸರು ಕರ್ಟಿಸ್ ಎಂಗೆಲ್, ಪೂರ್ವ ಕರಾವಳಿಯ ಕಡೆಯವನು, ಇನ್ನೂ ಎಳೆಯ. ಮನುಷ್ಯ ಒಳ್ಳೆಯವನೇ, ಆದರೆ ಯಾರು ಏನು ಹೇಳಿದರೂ ಕಿವಿಗೊಟ್ಟು ಕೇಳುವ ಕೆಟ್ಟ ಚಾಳಿ. ಗುರುವಾರದ ಊಟದಲ್ಲೇ ಅವನ ಕಥೆ ನನಗೆ ಗೊತ್ತಾಯಿತು. ಗುರುವಾರ ನಮ್ಮಲ್ಲಿ ಚಿಲಿ, ಅಂದರೆ ಕಾಳು, ಕೊಚ್ಚಿದ ಮಾಂಸ ಹಾಕಿ ಕುದಿಸಿದ ಖಾರದ ಗೊಜ್ಜು, ಅದರ ಜೊತೆಗೆ ಚಕ್ಕೆಪುಡಿ ಸಕ್ಕರೆ ಸುತ್ತಿದ ದೊಡ್ಡ ಬನ್ನು. ಬನ್ನನ್ನು ಹರಿದು ಚಿಲಿಯಲ್ಲಿ ಅದ್ದಿ ತಿನ್ನಬೇಕು. ಹೊರಗಿನವರು ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ. ಕರ್ಟಿಸ್ ಬನ್ನನ್ನು ಪಕ್ಕಕ್ಕಿಟ್ಟು, ಚಿಲಿ ಮುಗಿಸಿ, ಕೈ ಒರೆಸಿಕೊಂಡು, ಆಮೇಲೆ ಬನ್ನು ತಿಂದ. ಎರಡನೇ ತರಗತಿಯ ಇಡೀ ಸಾಲು ಚಮಚ ಕೆಳಗಿಟ್ಟು ಅವನನ್ನೇ ನೋಡಿತು. ಪಾಪ, ಮುಂದಿನ ವಾರದಿಂದ ಅವನೂ ಅದ್ದಿದ.

ಇಂಥ ಕರ್ಟಿಸ್ ನನ್ನ ಗಂಡನ ಮಾತನ್ನೂ ಕಿವಿಗೊಟ್ಟು ಕೇಳಿದ. ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ.

ಸಭೆಗೆ ಮುಂಚೆ, ಅಲ್ಲಿ ಏನೇನು ಚರ್ಚೆಗೆ ಬರುತ್ತದೆ ಎಂಬುದನ್ನು ಊರಲ್ಲಿ ಅಂಟಿಸಬೇಕು. ಕಾನೂನು. ನಮ್ಮಲ್ಲಿ ಅಂಚೆ ಕಚೇರಿಯ ಬಾಗಿಲಿಗೆ ಅಂಟಿಸುತ್ತಾರೆ. ಏಪ್ರಿಲ್‌ನಲ್ಲಿ ಒಂದು ದಿನ ಅಂಚೆಚೀಟಿ ತರಲು ಹೋದವಳು ಸುಮ್ಮನೆ ಕಣ್ಣು ಹಾಯಿಸಿದೆ. ಏಳನೇ ವಿಷಯ: ಶಾಲೆಯ ಅಡುಗೆಮನೆಯನ್ನು ಮುಚ್ಚಿ, ಪಕ್ಕದ ಊರು ಮಾರ್ಬರಿಯ ಶಾಲೆಯಿಂದ ಊಟ ತರಿಸುವುದು. ಸೂಚಿಸಿದವರು: ಸದಸ್ಯ ವಿ. ಕೋಲ್ಟರ್‌ಮನ್.

ನಾನು ಎರಡು ಸಲ ಓದಿದೆ. ಒಳಗೆ ಅಂಚೆಯ ಗ್ಲೋರಿಯಾ ಇಲ್ಲದ ಕೆಲಸ ಮಾಡುತ್ತ ತಲೆ ತಗ್ಗಿಸಿಕೊಂಡಿದ್ದಳು. ಊರಿಗೆಲ್ಲ ಗೊತ್ತಾದ ಮೇಲೆ ನನಗೆ ಗೊತ್ತಾಗಿದ್ದು.

ಆ ಅಡುಗೆಮನೆಗೆ ನಾನು ಸೇರಿದಾಗ ನನ್ನ ಕೂದಲು ಕಪ್ಪಗಿತ್ತು. ನಮಗೆ ಮಕ್ಕಳಾಗಲಿಲ್ಲ. ಅದಕ್ಕೆ ಅಳುವುದನ್ನು ಯಾವತ್ತೋ ಬಿಟ್ಟಿದ್ದೇನೆ, ಯಾಕೆಂದರೆ ಬೆಳಗಾದರೆ ಊರಿನ ಮಕ್ಕಳೆಲ್ಲ ತಟ್ಟೆ ಹಿಡಿದು ನನ್ನ ಮುಂದೆ ಸಾಲಾಗಿ ನಿಲ್ಲುತ್ತವೆ. ಅದೊಂದನ್ನು ಕಿತ್ತುಕೊಂಡರೆ ನನ್ನ ಹತ್ತಿರ ಏನುಳಿಯಿತು? ವರ್ಲಿನ್ ಮತ್ತು ಅವನ ಹಸುಗಳು.

ಮನೆಗೆ ಹೋದರೆ ಅವನು ಊಟದ ಮೇಜಿನಲ್ಲಿ ಕೂತು ಕಿಟಕಿಯಾಚೆ ನೋಡುತ್ತಿದ್ದ. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

"ಅಂಚೆ ಕಚೇರಿಗೆ ಹೋಗಿದ್ದೆ," ಅಂದೆ.

"ಓಹೋ."

"ಓಹೋ ಅಂತೆ ಓಹೋ! ನನ್ನ ಅಡುಗೆಮನೆ ಮುಚ್ಚಿಸ್ತಿಯೇನೋ ನೀನು?"

"ನಾನ್ ಮುಚ್ಚಿಸ್ತಿಲ್ಲ ಕಣೇ. ಅದು ಹಳೇ ಮಾತು. ಯಾವತ್ತೋ ಆ ಕುರ್ಚಿಲಿ ಕೂತು ಹೇಳಿದ್ದು. ಎಪ್ಪತ್ತು ಮಕ್ಕಳಿಗೆ ಬೇರೆ ಒಲೆ ಯಾಕೆ, ಮಾರ್ಬರಿಲಿ ಹೇಗೂ ಬೇಯಿಸ್ತಾರಲ್ಲ ಅಂತ. ಆ ಹುಡುಗ ಹಳೇ ಸಭೆಗಳ ವರದಿ ಎಲ್ಲ ಕೂತು ಓದಿದಾನೆ! ಲೆಕ್ಕ ಹಾಕಿ, 'ಸರ್, ನಿಮ್ಮ ಸಲಹೆ ಬಹಳ ಚೆನ್ನಾಗಿದೆ' ಅಂತ ಕೈ ಕುಲುಕಿದ."

"ಹೇಳ್ಬೇಕಾದ್ರೆ ನಾನು ಅಲ್ಲೇ ಬಾಗಿಲ ಹತ್ರ ಕೂತಿದ್ದೆ ವರ್ಲಿನ್. ನನ್ನ ಮುಖ ನೋಡ್ಕೊಂಡೇ ಹೇಳಿದ್ದೆ."

"ಅಡುಗೆಮನೆ ವಿಷ್ಯ ಹೇಳಿದ್ದು, ನಿನ್ನ ವಿಷ್ಯ ಅಲ್ಲ."

"ಅಡುಗೆಮನೇಲಿ ನಾನಲ್ದೆ ಇನ್ಯಾರು, ನಿಮ್ಮಜ್ಜಿ ಇದಾಳಾ?"

ಅವನು ತಲೆ ಕೆರೆದುಕೊಂಡ. ಆಮೇಲೆ ನಿಜಕ್ಕೂ ನೊಂದವನ ಹಾಗೆ ಹೇಳಿದ: "ಇಷ್ಟು ವರ್ಷ ಹೇಳ್ತಾನೇ ಇದ್ದೆ. ಯಾರಾದ್ರೂ ಕೇಳಿಸ್ಕೊತಾರೆ ಅಂತ ನನಗೇನ್ ಗೊತ್ತು?"

ಅವತ್ತಿನಿಂದ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಮಾರ್ಬರಿಯ ಲಾರಿ ನಿಲ್ದಾಣದ ಹೋಟೆಲಿನಿಂದ ತಗಡಿನ ತಟ್ಟೆಯಲ್ಲಿ ಊಟ ತರಿಸಿ, ಚೆನ್ನಾಗಿ ಆರಲು ಬಿಟ್ಟು, ಅವನ ಮುಂದಿಟ್ಟೆ. ಮೇಲೆ ಬೆಣ್ಣೆ ಗಟ್ಟಿಯಾಗಿ ಹೆಪ್ಪುಗಟ್ಟಿತ್ತು.

"ಇದೇನಿದು?"

"ಮಾರ್ಬರಿ ಊಟ. ಒಳ್ಳೇ ಉಳಿತಾಯ ಅಂತೆ. ತಿನ್ನು."

ಅವನು ತಿಂದ. ದೂರದೆ ತಿಂದ, ಅದೇ ನನಗೆ ಭಯವಾಗಿದ್ದು. ನನ್ನ ಗಂಡ ದೂರುವುದನ್ನು ಬಿಟ್ಟಿದ್ದಾನೆ ಎಂದರೆ ಡಾಕ್ಟರಿಗೆ ಫೋನು ಮಾಡಬೇಕಾದ ವಿಷಯ.

ಮಾರನೇ ವಾರ ಅವನು ಕರ್ಟಿಸ್‌ನ ಕೋಣೆಗೆ ಹೋಗಿ, ಸಲಹೆಯನ್ನು ವಾಪಸು ತೆಗೆದುಕೊಳ್ಳುತ್ತೇನೆ ಎಂದನಂತೆ. ಅಂಟಿಸಿ ಆದ ಮೇಲೆ ಕಿತ್ತುಹಾಕುವಂತಿಲ್ಲ, ಮಂಡಳಿಯೇ ತೀರ್ಮಾನಿಸಬೇಕು ಎಂದ ಕರ್ಟಿಸ್. ಹಾಗಾದರೆ ನಾನು ವಿರುದ್ಧ ಮತ ಹಾಕುತ್ತೇನೆ ಎಂದ ವರ್ಲಿನ್.

"ನೀವು ಮತ ಹಾಕೋ ಹಾಗಿಲ್ಲ ಸರ್. ನಿಮ್ಮ ಮನೆಯವರ ಕೆಲಸದ ಪ್ರಶ್ನೆ ಇದು. ಆ ವಿಷಯ ಬಂದಾಗ ನೀವು ಎದ್ದು ಹೊರಗೆ ಹೋಗ್ಬೇಕು."

ಅದೂ ನಿಜವೇ. ಇಂಥ ಊರಲ್ಲಿ ಎಲ್ಲರೂ ಎಲ್ಲರಿಗೂ ನೆಂಟರು, ಹಾಗಾಗಿ ತನ್ನವರ ವಿಷಯ ಬಂದಾಗ ಸದಸ್ಯ ಎದ್ದು ಹಜಾರಕ್ಕೆ ಹೋಗಿ ನಿಲ್ಲಬೇಕು. ಮಂಡಳಿಯ ಲೈಲ್ ಹ್ರುಸ್ಕ ಜಲ್ಲಿ ಮಾರುವವನು, ಶಾಲೆಯ ಅಂಗಳಕ್ಕೆ ಜಲ್ಲಿ ಬೇಕಾಗುತ್ತಲೇ ಇರುತ್ತದೆ. ಲೈಲ್ ತನ್ನ ಅವಧಿಯ ಅರ್ಧವನ್ನು ಹಜಾರದ ನೀರಿನ ನಲ್ಲಿಯ ಪಕ್ಕದಲ್ಲೇ ಕಳೆದಿದ್ದಾನೆ.

ವರ್ಲಿನ್ ಮನೆಗೆ ಬಂದು ಬೆರಳು ಮಡಚಿ ಎಣಿಸಿದ. ಅವನನ್ನು ಬಿಟ್ಟರೆ ಐವರು. ಪಶುವೈದ್ಯೆ ಗ್ರೆಚೆನ್ ಕರು ಹಾಕಿಸುವ ಕಾಲದಲ್ಲಿ ಸಭೆಗೆ ಬಂದದ್ದೇ ಇಲ್ಲ. ಉಳಿದವರು ನಾಲ್ವರು. ಲೈಲ್ ಉಳಿತಾಯ ಎಂದರೆ ಕಣ್ಣು ಮುಚ್ಚಿ ಹೂಂ ಅನ್ನುವವನು. ಮಾರ್ಲಿಸ್ ನನ್ನ ಗೆಳತಿಯೇ, ಆದರೆ ಬಸ್ಸಿನ ಎಂಜಿನ್ ಕೆಟ್ಟು ಕೂತಿದೆ, ಹಣ ಎಲ್ಲಿಂದ ತರಲಿ ಎಂದು ನನ್ನ ಕೂದಲು ಕತ್ತರಿಸುತ್ತಲೇ ಅತ್ತಿದ್ದಳು. ಇನ್ನಿಬ್ಬರು ಡೆಲ್ಮರ್ ಮತ್ತು ಎಲ್ಮರ್. ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು. ಯಾವುದೋ ಕಾಲದ ಬೇಲಿ ಜಗಳದಿಂದ ಅವರಿಬ್ಬರು ಒಂದೇ ಕಡೆ ಮತ ಹಾಕಿದ್ದನ್ನು ಯಾರೂ ಕಂಡಿಲ್ಲ. ಒಬ್ಬ ಬೇಕೆಂದರೆ ಇನ್ನೊಬ್ಬ ಬೇಡ.

"ಅವರಿಬ್ಬರದು ವಜಾ ಆಗುತ್ತೆ," ಅಂದ ವರ್ಲಿನ್. "ಲೈಲ್, ಮಾರ್ಲಿಸ್ ಮುಚ್ಚೋಣ ಅಂದ್ರೆ ಮುಗೀತು."

"ನಿನ್ನ ಜೊತೆ ನಾನ್ಯಾಕೆ ಮಾತಾಡ್ತಿದ್ದೀನಿ?" ಅಂದು ನಾನು ಎದ್ದು ಹೋದೆ.

ಆ ಸೋಮವಾರ ಲೈಬ್ರರಿ ತುಂಬಿತ್ತು. ಪುಟಾಣಿಗಳ ಕುರ್ಚಿಗಳಲ್ಲಿ ದೊಡ್ಡವರು ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂತಿದ್ದರು. ನಾನು ಹಿಂದಿನ ಸಾಲಿನಲ್ಲಿ, ಗೋಡೆಗೆ ಒರಗಿ ಕೂತೆ. ಒಬ್ಬರಾದರೂ ಎದ್ದು ಹೋಗಿ ಆ ಎದುರಿನ ಕುರ್ಚಿಯಲ್ಲಿ ಕೂತು ನನ್ನ ಪರ ಒಂದು ಮಾತು ಆಡಲಿ ಎಂದು ಕಾದೆ. ಯಾರೂ ಏಳಲಿಲ್ಲ. ನಮ್ಮ ಜನ ಹಾಗೆಯೇ. ಮನೆ ಸುಟ್ಟರೆ ಹೊಸ ಮನೆ ಕಟ್ಟಿಕೊಡುತ್ತಾರೆ, ನಾಲ್ಕು ಜನರ ಮುಂದೆ ಮಾತಾಡು ಎಂದರೆ ಬೂಟು ನೋಡಿಕೊಳ್ಳುತ್ತಾರೆ. ನನಗೂ ಆಗಲಿಲ್ಲ. ನನ್ನದೇ ಅಡುಗೆಯನ್ನು ನಾನೇ ಹೊಗಳಿಕೊಳ್ಳುವುದು ಹೇಗೆ?

"ಏಳನೇ ವಿಷಯ," ಅಂದಳು ಮಾರ್ಲಿಸ್, ನನ್ನ ಕಡೆ ನೋಡದೆ. "ವರ್ಲಿನ್, ನೀನು ಹಜಾರಕ್ಕೆ ಹೋಗ್ಬೇಕು."

ವರ್ಲಿನ್ ಎದ್ದ. ಮೇಜು ಸುತ್ತಿ ಬಂದ. ಬಾಗಿಲ ಕಡೆ ಹೋಗುವ ಬದಲು ನೇರ ಬಂದು ಎದುರಿನ ಒಂಟಿ ಕುರ್ಚಿಯಲ್ಲಿ ಕೂತ.

"ಮೂರು ನಿಮಿಷ ಬೇಕು," ಅಂದ.

"ನೀನು ಸದಸ್ಯ ಕಣೋ!"

"ಸದಸ್ಯ ಆ ಕಡೆ ಕೂತಿದ್ದ. ಎದ್ದು ಹೋದ. ಈಗ ಇಲ್ಲಿರೋನು ಯಾರು? ಈ ಊರಲ್ಲಿ ತೆರಿಗೆ ಕಟ್ಟೋ ಒಬ್ಬ ಪ್ರಜೆ."

ಮಾರ್ಲಿಸ್ ಕರ್ಟಿಸ್‌ನನ್ನು ನೋಡಿದಳು. ಕರ್ಟಿಸ್ ಗೋಡೆಯನ್ನು ನೋಡಿದ. ಸಭೆಯ ಕಾನೂನನ್ನು ಅಚ್ಚು ಹಾಕಿಸಿ ಸಭೆ ನಡೆಯುವ ಗೋಡೆಗೆ ತೂಗುಹಾಕಿರಲೇಬೇಕು. ಪ್ರತಿ ಸಲ ಸಭೆ ಶುರುವಾಗುವಾಗ ಮಾರ್ಲಿಸ್ ಪೆನ್ಸಿಲಿನಿಂದ ಅದರ ಕಡೆ ತೋರಿಸುತ್ತಾಳೆ, ಎಲ್ಲರೂ ತಲೆ ಆಡಿಸುತ್ತಾರೆ. ಹತ್ತಿರ ಹೋಗಿ ಓದಿದವರು ಅಲ್ಲಿ ಒಬ್ಬರೂ ಇರಲಿಲ್ಲ. ಈಗ ಮಂಡಳಿಗೆ ಮಂಡಳಿಯೇ ಎದ್ದು ಕನ್ನಡಕ ಹುಡುಕಿಕೊಂಡು ಗೋಡೆಗೆ ಮುಖವಿಟ್ಟು ನಿಂತಿತು. ಎಲ್ಮರ್ ಕೆಳಗಿನಿಂದ ಓದಿದ, ಡೆಲ್ಮರ್ ಮೇಲಿನಿಂದ.

"ಕೂರಬಾರದು ಅಂತ ಎಲ್ಲೂ ಇಲ್ಲ," ಅಂದ ಕರ್ಟಿಸ್ ಕೊನೆಗೆ.

ಮಾರ್ಲಿಸ್ ನಿಟ್ಟುಸಿರು ಬಿಟ್ಟು ಕೋಳಿಯ ಕತ್ತು ತಿರುವಿದಳು. ಟಿಕ್ ಟಿಕ್ ಶುರುವಾಯಿತು.

ವರ್ಲಿನ್ ಬಾಯಿ ತೆರೆದ. ಏನೂ ಬರಲಿಲ್ಲ. "ಆರ್ಡಿತ್..." ಅಂದ, ಕೆಮ್ಮಿದ. "ಆರ್ಡಿತ್ ಏನಂದ್ರೆ..." ಮತ್ತೆ ನಿಂತ. ಹೊಸ ಶರಟಿನ ಕಾಲರಿನ ಮೇಲೆ ಕತ್ತು ಕೆಂಪಾಯಿತು. ಆ ಕುರ್ಚಿಯಲ್ಲಿ ಇಷ್ಟು ವರ್ಷ ಒಂದೇ ಉಸಿರಿಗೆ ಮಾತಾಡಿದವನಿಗೆ ನನ್ನ ಬಗ್ಗೆ ಒಂದು ಒಳ್ಳೆಯ ಮಾತು ಹೊರಡಲಿಲ್ಲ. ಕೋಳಿ ಟಿಕ್ ಟಿಕ್ ಅನ್ನುತ್ತಲೇ ಇತ್ತು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು, ಅವನ ಬದಲು ನಾನೇ ಬೆವರಿದೆ.

ಆಮೇಲೆ ಅವನು ಬೆನ್ನು ನೆಟ್ಟಗೆ ಮಾಡಿದ.

"ನಂದೊಂದು ದೂರಿದೆ," ಅಂದ.

ಇಡೀ ಲೈಬ್ರರಿ ಉಸಿರು ಬಿಟ್ಟಿತು. ಯಾರೋ ಕಿಸಕ್ಕೆಂದರು. ಇದು ಎಲ್ಲರಿಗೂ ಗೊತ್ತಿದ್ದ ವರ್ಲಿನ್.

"ದೂರು ಆ ಅಡುಗೆಯವಳ ಮೇಲೆ. ಕೋಳಿ ಕೂಗೋಕ್ ಮುಂಚೆ ಎದ್ದು ಹೋಗ್ತಾಳೆ. ನಾನ್ ಏಳೋ ಹೊತ್ಗೆ ಪಕ್ಕದ ಹಾಸಿಗೆ ತಣ್ಣಗಿರುತ್ತೆ. ಮೇಜಿನ ಮೇಲೆ ಕಾರ್ನ್‌ಫ್ಲೇಕ್ಸ್ ಡಬ್ಬ, ಪಕ್ಕದಲ್ಲಿ ಬಟ್ಟಲು. ಅಷ್ಟೇ. ಅಡುಗೆಯವಳನ್ನ ಮದುವೆ ಆದೋನಿಗೆ ಒಣ ಕಾರ್ನ್‌ಫ್ಲೇಕ್ಸ್! ಬೇಸಿಗೆ ರಜ ಬಂದ್ರೆ ನನ್ನವಳಾಗಿರ್ತಾಳೆ ಅಂದ್ಕೊಂಡ್ರೆ ಅದೂ ಇಲ್ಲ. 'ಹಾಲು ತಗೊಂಡ್ಯಾ? ಕ್ಯಾರೆಟ್ ಯಾಕ್ ಬಿಟ್ಟೆ?' ನನಗೆ ಅರವತ್ತು ದಾಟ್ತು ಕಣ್ರೀ! ಕುಸ್ತಿ ಹುಡುಗ್ರು ತೂಕ ಇಳಿಸೋಕೆ ಅಂತ ಊಟ ಬಿಟ್ಟಾಗ ರಾತ್ರಿ ಎಲ್ಲ ಹೊರಳಾಡ್ತಾಳೆ. ಅದೇ ವಾರ ನನ್ನ ಒಳ್ಳೇ ಹಸು ಒಂದು ಸತ್ತೋಯ್ತು. 'ಹೌದಾ' ಅಂದ್ಲು. ಅಷ್ಟೇ. ಹೌದಾ."

ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಆ ಹಿಮಗಾಳಿ ನೆನಪಿದ್ಯಾ? ರಸ್ತೆ ಎಲ್ಲ ಮುಚ್ಚಿ, ಬಸ್ಸು ಹೊರಡಕ್ಕಾಗ್ದೆ, ಮಕ್ಕಳೆಲ್ಲ ಅಡುಗೆಮನೆ ಪಕ್ಕದ ಜಿಮ್ಮಲ್ಲೇ, ಆ ಆಟದ ಹಾಲಲ್ಲೇ ಮಲಗಿದ್ರಲ್ಲ. ಅವತ್ತು ಫೋನ್ ಮಾಡಿದ್ಲು. ಬದುಕಿದ್ಯಾ, ಕೊಟ್ಟಿಗೆ ಚಾವಣಿ ಇದ್ಯಾ, ಒಂದ್ ಮಾತಿಲ್ಲ. 'ಮೊಟ್ಟೆ ಮುಗೀತು, ತಗೊಂಡ್ ಬಾ.' ಟ್ರಾಕ್ಟರ್ ಹತ್ತಿ ಬಂದೆ. ಎದುರಿಗಿರೋ ಕೈ ಕಾಣ್ತಿರ್ಲಿಲ್ಲ. ಎಡಗಿವಿ ತುದಿ ಇವತ್ತಿಗೂ ಮರಗಟ್ಟಿದೆ, ಬೇಕಾದ್ರೆ ಚಿವುಟಿ ನೋಡಿ. ಹಿಂಬಾಗ್ಲು ತೆಗೆದ್ಲು, ಮೊಟ್ಟೆ ಇಸ್ಕೊಂಡ್ಲು, ಬಾಗ್ಲು ಹಾಕ್ಕೊಂಡ್ಲು. ಒಳಗ್ ಬಾ ಅನ್ಲಿಲ್ಲ."

ಈಗ ಯಾರೂ ನಗಲಿಲ್ಲ. ಆ ಕೋಣೆಯಲ್ಲಿ ಕೂತಿದ್ದ ಪ್ರತಿಯೊಬ್ಬರ ಮಗುವೋ ಮೊಮ್ಮಗುವೋ ಅವತ್ತು ಆ ಬಾಗಿಲ ಒಳಗಿತ್ತು. ಮಾರ್ಬರಿಯಿಂದ ಅವತ್ತು ಒಂದು ಕಾಗೆಯೂ ಹಾರಿ ಬಂದಿರಲಿಲ್ಲ. ಅದನ್ನು ವರ್ಲಿನ್ ಹೇಳಲಿಲ್ಲ. ಅವನಿಗೆ ಅದು ಹೊಳೆದೇ ಇರಲಿಲ್ಲವೇನೋ, ಅವನು ತನ್ನ ದೂರಿನಲ್ಲಿ ಮುಳುಗಿಹೋಗಿದ್ದ. ಉಳಿದವರಿಗೆಲ್ಲ ಹೊಳೆಯಿತು.

"ಇನ್ನೊಂದು. ಬನ್ನಿನ ತಟ್ಟೇಲಿ ಮಧ್ಯದ್ದು ಇರುತ್ತಲ್ಲ, ಮೆತ್ತಗಿರೋದು. ಇಷ್ಟು ವರ್ಷದ ಸಂಸಾರದಲ್ಲಿ ಒಂದ್ ಸಲನೂ ನನಗೆ ಅಂತ ಎತ್ತಿಟ್ಟಿಲ್ಲ. ಯಾರಿಗ್ ಕೊಟ್ಟೆ ಅಂದ್ರೆ, 'ಇವತ್ತು ಆ ಹುಡುಗಿಗೆ ಬೇಕಿತ್ತು' ಅಂತಾಳೆ. ಯಾಕ್ ಬೇಕಿತ್ತು ಅಂದ್ರೆ, 'ಬೇಕಿತ್ತು, ಅಷ್ಟೇ.' ಲಾರಿಲಿ ಬರೋ ಬನ್ನು ಎಲ್ಲಾ ಒಂದೇ ಥರ ಇರುತ್ತೆ. ಅದು ಅಗ್ಗ. ಲೆಕ್ಕ ಸರಿಯಾಗಿದೆ, ನಾನೇ ಹೇಳಿದ್ದು. ಆದ್ರೆ ನನ್ನ ದೂರು ಏನಪ್ಪಾ ಅಂದ್ರೆ..."

ಕೋಳಿ ಕಿರ್ರೆಂದಿತು.

ಅವನು ಬಾಯಿ ಮುಚ್ಚಿದ. ಜನ್ಮದಲ್ಲಿ ಮೊದಲ ಸಲ ಗಂಟೆಯ ಮೇಲೆ ಗುರ್ರೆನ್ನದೆ ಎದ್ದು, ಹಜಾರಕ್ಕೆ ಹೋಗಿ, ನೀರಿನ ನಲ್ಲಿಯ ಪಕ್ಕ ನಿಂತ.

ಗ್ರೆಚೆನ್ ಆ ದಿನವೂ ಬಂದಿರಲಿಲ್ಲ. ಮಾರ್ಲಿಸ್ ಉಳಿದವರನ್ನು ಒಬ್ಬೊಬ್ಬರಾಗಿ ಕರೆದಳು. ಅಡುಗೆಮನೆ ಮುಚ್ಚಬೇಕೆ?

"ಮುಚ್ಚೋಣ," ಅಂದ ಲೈಲ್, ತನ್ನ ಬೂಟಿಗೆ.

"ಬೇಡ," ಅಂದ ಡೆಲ್ಮರ್.

ನಾನು ಕಣ್ಣು ಮುಚ್ಚಿದೆ. ಡೆಲ್ಮರ್ ಬೇಡ ಎಂದ ಮೇಲೆ ಎಲ್ಮರ್ ಏನೆನ್ನುತ್ತಾನೆ ಎಂಬುದು ಊರಿನ ನಾಯಿಗೂ ಗೊತ್ತು.

ಎಲ್ಮರ್ ಬಹಳ ಹೊತ್ತು ಮೀಸೆ ಕಡಿದ. "ಬೇಡ," ಅಂದ. ಇಡೀ ಕೋಣೆ ಅವನ ಕಡೆ ತಿರುಗಿದಾಗ ಸಿಡುಕಿದ: "ಏನ್ ನೋಡ್ತೀರಾ? ಈ ಡೆಲ್ಮರ್‌ನ ನಾನು ಒಪ್ಪಿಲ್ಲ. ಒಪ್ಪಿರೋದು ಬನ್ನನ್ನ."

ಮಾರ್ಲಿಸ್ ಮುಚ್ಚೋಣ ಎಂದಳು. ಬಸ್ಸಿನ ಚಿಂತೆ ಅವಳ ತಲೆ ಮೇಲಿತ್ತು, ಬಾಯಲ್ಲೊಂದು ಮನಸ್ಸಲ್ಲೊಂದು ಅವಳಿಗೆ ಬರುವುದಿಲ್ಲ. ಅದಕ್ಕೆ ನಾನು ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲಿಲ್ಲ. ಒಂದು ವಾರ ಮಾಡಿಕೊಂಡೆ, ಅಷ್ಟೇ. ಇಬ್ಬರು ಬೇಕು, ಇಬ್ಬರು ಬೇಡ. ಸರಿಸಮ ಬಂದರೆ ನಮ್ಮಲ್ಲಿ ವಿಷಯ ಬಿದ್ದುಹೋಗುತ್ತದೆ. ನನ್ನ ಅಡುಗೆಮನೆ ಗೆಲ್ಲಲಿಲ್ಲ, ಸೋಲುವುದನ್ನು ತಪ್ಪಿಸಿಕೊಂಡಿತು. ನನಗೆ ಅಷ್ಟು ಸಾಕಾಗಿತ್ತು. ಕರ್ಟಿಸ್ ಎದ್ದು ಬಂದು, "ಸದ್ಯ! ಮಾರ್ಬರಿಯವರು ಚಿಲಿ ಜೊತೆ ಬಿಸ್ಕತ್ತು ಕೊಡ್ತಾರಂತೆ," ಎಂದು ನನ್ನ ಕಿವಿಯಲ್ಲಿ ಹೇಳಿದ.

ವರ್ಲಿನ್ ವಾಪಸು ಬಂದು ಮೇಜಿನಲ್ಲಿ ಕೂತ. ಎಂಟನೇ ವಿಷಯ ಜಲ್ಲಿ. ಲೈಲ್ ಎದ್ದು ನಲ್ಲಿಯ ಕಡೆ ನಡೆದ, ನನ್ನ ಗಂಡ ಜಲ್ಲಿಯ ಗಾತ್ರದ ಬಗ್ಗೆ ಮಾತು ಶುರುಮಾಡಿದ. ಅವನನ್ನು ತಡೆಯುವ ಗಂಟೆ ಇರಲಿಲ್ಲ. ನಾನು ಕೊನೆಯವರೆಗೂ ಕೂತು ಕೇಳಿದೆ, ಜಲ್ಲಿಯ ವಿಷಯದಲ್ಲಿ ಅವನು ಹೇಳಿದ್ದು ಬಹುಮಟ್ಟಿಗೆ ಸರಿಯಾಗಿತ್ತು.

ಪಿಕಪ್ ಹತ್ತಿ ಮನೆಯ ದಾರಿ ಹಿಡಿದಾಗ ಪಡುವಣದಲ್ಲಿ ಇನ್ನೂ ಸ್ವಲ್ಪ ಬೆಳಕಿತ್ತು.

"ಊರಿಗೆಲ್ಲ ಕಾರ್ನ್‌ಫ್ಲೇಕ್ಸ್ ಕಥೆ ಹೇಳ್ಬೇಕಿತ್ತಾ?" ಅಂದೆ.

"ದೂರು ಅಂದ್ಮೇಲೆ ನಿಜಾನೇ ಹೇಳ್ಬೇಕಲ್ವಾ."

ಊರು ದಾಟಿದ ಮೇಲೆ ಕೇಳಿದೆ: "ಅವತ್ತು ಹಿಮದಲ್ಲಿ ಒಳಗ್ ಬಾ ಅನ್ಲಿಲ್ವಾ ನಾನು?"

"ಇಲ್ಲ."

"ನಿನಗೇ ಬರ್ಬೇಕು ಅನ್ನಿಸ್ಲಿಲ್ವಾ? ಚಿಲಕ ಹಾಕಿರ್ಲಿಲ್ಲ ಬಾಗ್ಲಿಗೆ."

ಅವನು ರಸ್ತೆಯನ್ನೇ ನೋಡುತ್ತ ಹೇಳಿದ. "ಅನ್ನಿಸ್ತು. ಆ ಬಾಗ್ಲ ಗಾಜಲ್ಲಿ ಸ್ವಲ್ಪ ಹೊತ್ತು ನೋಡ್ತಾ ನಿಂತಿದ್ದೆ. ಮಕ್ಕಳೆಲ್ಲ ನಗ್ತಿದ್ರು. ನೀನೂ ನಗ್ತಿದ್ದೆ. ನಾನ್ ಒಳಗ್ ಬಂದ್ರೆ ಏನಾದ್ರೂ ತಪ್ಪು ಹುಡುಕ್ತೀನಿ ಅಂತ ಗೊತ್ತಿತ್ತು. ಅದಕ್ಕೇ ಹೊರಟೋದೆ."

ಆ ಗಾಳಿಯಲ್ಲಿ, ಆ ಕಿವಿ ಹೊತ್ತುಕೊಂಡು, ಅವನು ಒಬ್ಬನೇ ಟ್ರಾಕ್ಟರ್ ಹತ್ತಿ ಮನೆಗೆ ಹೋದದ್ದು ನನಗೆ ಆವರೆಗೆ ಕಣ್ಣಿಗೆ ಕಟ್ಟಿರಲೇ ಇಲ್ಲ.

"ಏನ್ ತಪ್ಪು ಸಿಗ್ತಿತ್ತು ನಿನಗೆ?" ಅಂತ ಹೇಗೋ ಕೇಳಿದೆ.

"ಜಿಮ್ಮಿನ ದೀಪ ಅಷ್ಟೂ ಉರೀತಿದ್ವು ಆರ್ಡಿತ್," ಅಂದ. "ಹಾಡುಹಗಲು!"

ನಾನು ನಕ್ಕೆ. ನಗುತ್ತ ನಗುತ್ತ ಅತ್ತುಬಿಟ್ಟೆ. ಅವನು ಗಾಬರಿಯಾಗಿ ಪಿಕಪ್ಪನ್ನು ರಸ್ತೆಯ ಪಕ್ಕಕ್ಕೆ ಹಾಕಿ, ನನ್ನ ಮೊಣಕೈ ಹಿಡಿದುಕೊಂಡು, "ಎಲ್ಲಾ ಬೇಡ ಕಣೇ," ಅಂದ, "ಒಂದೆರಡಾದ್ರೂ ಆರಿಸ್ಬೋದಿತ್ತು."